ವಿಮಾನದಲ್ಲಿ ಕಣ್ಣು ಕತ್ತಲೆ ಬಂದು ಕುಸಿದರೆ
ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಬಿಪಿ, ಶುಗರ್ ಎರಡಕ್ಕೂ ಮಾತ್ರೆ, ಜೊತೆಗೆ ಇನ್ಸುಲಿನ್. ಮೊಮ್ಮಗುವಿನ ನಾಮಕರಣಕ್ಕೆ ಅಮ್ಮನ ಜೊತೆ ಅಮೆರಿಕಕ್ಕೆ ಹೊರಟಿದ್ದಾರೆ. ಹಿಂದೊಮ್ಮೆ ವಿಮಾನದಲ್ಲಿ ಟಾಯ್ಲೆಟ್‌ನಿಂದ ಬರುವಾಗ ಕಣ್ಣು ಕತ್ತಲೆ ಬಂದು ಕುಸಿದಿದ್ದರು. ಮತ್ತೆ ಹಾಗಾದರೆ ಅಮ್ಮ ಏನು ಮಾಡಬೇಕು?
– ಶಿವಮೊಗ್ಗದ ಓದುಗರು

ಉತ್ತರ: ವಿಮಾನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆಯೇ ಇದು. ಸುಮಾರು ಹನ್ನೆರಡು ಸಾವಿರ ಪ್ರಕರಣಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೂರಕ್ಕೆ 37ರಷ್ಟು ಮಂದಿಗೆ ಆಗಿದ್ದು ಪ್ರಜ್ಞೆ ತಪ್ಪುವುದು ಅಥವಾ ತಪ್ಪುವಂತಾಗುವುದು. ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ. ಆಮ್ಲಜನಕ ಕಡಿಮೆ, ಗಾಳಿ ಒಣ. ಗಂಟೆಗಟ್ಟಲೆ ಕೂತು ಕಾಲಿನಲ್ಲಿ ನಿಂತ ರಕ್ತ, ಥಟ್ಟನೆ ಎದ್ದಾಗ ತಲೆಗೆ ಏರುವುದಿಲ್ಲ. ಬಿಪಿ ಮಾತ್ರೆಯೋ ಪ್ರಾಸ್ಟೇಟ್ ಮಾತ್ರೆಯೋ ಇದ್ದರೆ ಇನ್ನೂ ಬೇಗ ಕುಸಿಯುತ್ತಾರೆ.

ಅಮ್ಮ ಮೊದಲು ಮಾಡಬೇಕಾದದ್ದು, ಅವರನ್ನು ಅಂಗಾತ ಮಲಗಿಸುವುದು. ನಡುದಾರಿಯಲ್ಲೋ, ಊಟದ ಗಾಡಿಗಳಿಡುವ ಗ್ಯಾಲಿಯಲ್ಲೋ ಮಲಗಿಸಿ, ಕಾಲಿನ ಕೆಳಗೆ ಒಂದು ಬ್ಯಾಗ್ ಇಟ್ಟು ಒಂದಡಿ ಎತ್ತರಿಸಲಿ. ಅಷ್ಟರಲ್ಲಿ ಯಾರಾದರೂ ಸಿಬ್ಬಂದಿಯನ್ನು ಕರೆಯಲಿ. ಬಹುತೇಕರು ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ಎಚ್ಚರವಾದ ಮೇಲೂ ಹತ್ತು ನಿಮಿಷ ಮಲಗಿರಲಿ, ಆಮೇಲೆ ಕೂತು ನೀರು ಕುಡಿಯಲಿ.

ತಪ್ಪಾಗುವುದು ಪ್ರೀತಿಯಿಂದಲೇ. ಅಕ್ಕಪಕ್ಕದವರು ಹೆಗಲು ಹಿಡಿದು ಸೀಟಿನಲ್ಲಿ ನೆಟ್ಟಗೆ ಕೂರಿಸಿಕೊಳ್ಳುತ್ತಾರೆ. ಆಗ ಮಿದುಳಿಗೆ ರಕ್ತ ಹೋಗುವುದೇ ಇಲ್ಲ. ಕೈಕಾಲು ಅದುರುತ್ತದೆ, ಅದನ್ನು ಫಿಟ್ಸ್ ಎಂದುಕೊಂಡು ಕೈಗೆ ಬೀಗದ ಕೀ ಕೊಡುತ್ತಾರೆ, ಬಾಯಿಗೆ ನೀರು ಹಾಕುತ್ತಾರೆ. ಕೀಯಿಂದ ಏನೂ ಉಪಯೋಗವಿಲ್ಲ. ಪ್ರಜ್ಞೆಯಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು, ದಯವಿಟ್ಟು ಹಾಕಬೇಡಿ. ಟಾಯ್ಲೆಟ್‌ನೊಳಗೆ ಚಿಲಕ ಹಾಕಿಕೊಂಡು ಬಿದ್ದರೂ ಗಾಬರಿ ಬೇಡ, ಸಿಬ್ಬಂದಿ ಹೊರಗಿನಿಂದ ಬಾಗಿಲು ತೆರೆಯಬಲ್ಲರು. ಎದೆನೋವು, ಉಸಿರಾಟಕ್ಕೆ ಕಷ್ಟ, ಒಂದು ಬದಿ ಬಲ ಕಳೆದುಕೊಳ್ಳುವುದು, ಅಥವಾ ಮಲಗಿಸಿದರೂ ಬೇಗ ಚೇತರಿಸಿಕೊಳ್ಳದಿರುವುದು, ಇವು ಬರೀ ತಲೆಸುತ್ತಲ್ಲ. ಅದನ್ನು ಸಿಬ್ಬಂದಿಗೆ ಬಾಯಿಬಿಟ್ಟು ಹೇಳಬೇಕು.

ನಿಮ್ಮ ತಂದೆಯ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇನ್ಸುಲಿನ್‌ನದು. ಊಟ ಬರುತ್ತದೆಂದು ಮೊದಲೇ ಚುಚ್ಚಿಕೊಳ್ಳುತ್ತಾರೆ. ಅಷ್ಟರಲ್ಲಿ ವಿಮಾನ ಅಲುಗಾಡಲು ಶುರುವಾಗಿ ಗಾಡಿ ಒಂದು ಗಂಟೆ ಹೊರಡುವುದಿಲ್ಲ, ಶುಗರ್ ಇಳಿಯುತ್ತದೆ. ಊಟದ ಹೊತ್ತಿನ ಇನ್ಸುಲಿನ್ ತಟ್ಟೆ ಮುಂದೆ ಬಂದ ಮೇಲೆಯೇ ತೆಗೆದುಕೊಳ್ಳಲಿ. ಬೆವರು, ನಡುಕ, ತಡವರಿಕೆ ಕಂಡರೆ ಶುಗರ್ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ 150 ಮಿಲಿ ಹಣ್ಣಿನ ರಸ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇನ್ಸುಲಿನ್, ಗ್ಲೂಕೋಮೀಟರ್, ಎಲ್ಲ ಮಾತ್ರೆ, ವೈದ್ಯರ ಚೀಟಿ ಹ್ಯಾಂಡ್ ಬ್ಯಾಗ್‌ನಲ್ಲೇ ಇರಲಿ. ಚೆಕ್-ಇನ್ ಬ್ಯಾಗ್ ತಪ್ಪಿಹೋಗಬಹುದು, ಕೆಳಗಿನ ಚಳಿಗೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಮಾತ್ರೆಗಳ ಹೆಸರು, ಪ್ರಮಾಣ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಬಿಡಿ.

ಪ್ರಶ್ನೆ: ನಾನು ವೈದ್ಯೆ. ‘ವಿಮಾನದಲ್ಲಿ ಡಾಕ್ಟರ್ ಇದ್ದೀರಾ’ ಎಂಬ ಘೋಷಣೆ ಕೇಳಿದರೆ ಏಳಲು ಅಂಜಿಕೆ. ಕೈಗೆ ಏನೇನು ಸಿಗುತ್ತದೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಏಳಿ. ನೀವು ಒಬ್ಬರೇ ಅಲ್ಲ, ಹಲವು ಸಂಸ್ಥೆಗಳ ಸಿಬ್ಬಂದಿ ನೆಲದ ಮೇಲಿರುವ ವೈದ್ಯರ ಜೊತೆ ಮಾತಾಡಿಕೊಂಡೇ ಕೆಲಸ ಮಾಡುತ್ತಾರೆ. ಅಮೆರಿಕದ 1998ರ ಕಾನೂನು, ಘೋರ ನಿರ್ಲಕ್ಷ್ಯ ಅಥವಾ ಉದ್ದೇಶಪೂರ್ವಕ ತಪ್ಪು ಇಲ್ಲದಿದ್ದರೆ, ಹೀಗೆ ನೆರವಾದವರನ್ನು ರಕ್ಷಿಸುತ್ತದೆ. ಮದ್ಯ ಸೇವಿಸಿದ್ದರೆ, ಅಥವಾ ನಿದ್ರೆ ಮಾತ್ರೆ ತೆಗೆದುಕೊಂಡಿದ್ದರೆ ಮಾತ್ರ ಅದನ್ನು ಹೇಳಿ ಹಿಂದೆ ಸರಿಯಿರಿ.

ಅಮೆರಿಕದ ನಿಯಮದಂತೆ ವಿಮಾನದಲ್ಲಿಡುವ ವೈದ್ಯಕೀಯ ಕಿಟ್‌ನಲ್ಲಿ ಬಿಪಿ ಪಟ್ಟಿ, ಸ್ಟೆತಸ್ಕೋಪ್, 500 ಮಿಲಿ ಸಲೈನ್, 50% ಡೆಕ್ಸ್‌ಟ್ರೋಸ್, ಎಪಿನೆಫ್ರಿನ್, ಅಟ್ರೋಪಿನ್, ಆಸ್ಪಿರಿನ್, ನೈಟ್ರೋಗ್ಲಿಸರಿನ್, ಇನ್ಹೇಲರ್ ಇರುತ್ತವೆ. ಇತರ ದೇಶಗಳ ಕಿಟ್ ಸ್ವಲ್ಪ ಬೇರೆ, ಆದ್ದರಿಂದ ತೆರೆದ ಕೂಡಲೇ ಒಳಗಿನ ಪಟ್ಟಿ ಓದಿ. ಇಂಜಿನ್ ಸದ್ದಿನಲ್ಲಿ ಸ್ಟೆತಸ್ಕೋಪ್ ಹಾಕಿದರೂ ಏನೂ ಕೇಳದು. ಮಣಿಕಟ್ಟಿನ ನಾಡಿ ಹಿಡಿದು, ಬಿಪಿ ಪಟ್ಟಿಯ ಗಾಳಿ ಬಿಡುತ್ತಾ ನಾಡಿ ಮರಳುವ ಅಂಕಿಯನ್ನೇ ಸಿಸ್ಟಾಲಿಕ್ (ಬಿಪಿಯ ಮೇಲಿನ ಅಂಕಿ) ಎಂದು ಬರೆದುಕೊಳ್ಳಿ. ಆಕ್ಸಿಮೀಟರ್ ಆರೋಗ್ಯವಂತರಲ್ಲೂ 90–93 ತೋರಿಸಬಹುದು, ಆ ಅಂಕಿಯೊಂದಕ್ಕೇ ಬೆಚ್ಚಬೇಡಿ. ಆಕ್ಸಿಜನ್ ಬಾಟಲಿ ಸಾಮಾನ್ಯವಾಗಿ 310 ಲೀಟರಿನದು, ನಿಮಿಷಕ್ಕೆ 2 ಅಥವಾ 4 ಲೀಟರ್. ನಾಲ್ಕರಲ್ಲಿ ಬಿಟ್ಟರೆ 77 ನಿಮಿಷಕ್ಕೆ ಖಾಲಿ. ಇನ್ನೆಷ್ಟು ಬಾಟಲಿ, ಇನ್ನೆಷ್ಟು ಗಂಟೆಯ ಹಾರಾಟ ಎಂದು ಕೇಳಿಕೊಂಡೇ ತಿರುಗಿಸಿ.

ಎದೆನೋವಿಗೆ ಆಸ್ಪಿರಿನ್ ಅಗಿಯಲು ಕೊಡುವ ಮುಂಚೆ ಅಲರ್ಜಿ, ರಕ್ತಸ್ರಾವದ ಬಗ್ಗೆ ಕೇಳಿ. ಸಿಸ್ಟಾಲಿಕ್ 100ಕ್ಕಿಂತ ಕಡಿಮೆಯಿದ್ದರೆ, ಸಿಲ್ಡೆನಾಫಿಲ್‌ನಂಥ (ವಯಾಗ್ರ ಬಗೆಯ) ಮಾತ್ರೆ ನುಂಗಿದ್ದರೆ ನೈಟ್ರೋಗ್ಲಿಸರಿನ್ ಬೇಡವೇ ಬೇಡ. ಈ ಮಾತ್ರೆಯ ಪ್ರಶ್ನೆಯನ್ನು ಹೆಂಡತಿ ಮಕ್ಕಳ ಎದುರಿಗಲ್ಲ, ಕಿವಿಯಲ್ಲಿ ಕೇಳಿ, ಆಗ ನಿಜ ಹೇಳುತ್ತಾರೆ.

ಹೃದಯ ನಿಂತಿದ್ದರೆ ಸೀಟಿನಲ್ಲಿ ಒತ್ತಿ ಫಲವಿಲ್ಲ, ಮೆತ್ತೆ ಒತ್ತಡವನ್ನು ನುಂಗುತ್ತದೆ. ಕಂಕುಳಲ್ಲಿ ಕೈ ಹಾಕಿ ಗ್ಯಾಲಿಗೆ ಎಳೆದುಕೊಳ್ಳಿ. ನಿಮಿಷಕ್ಕೆ 100–120 ಸಲ, 5–6 ಸೆಂ.ಮೀ. ಆಳಕ್ಕೆ ಒತ್ತಿ, ಎರಡು ನಿಮಿಷಕ್ಕೊಮ್ಮೆ ಸಿಬ್ಬಂದಿಗೆ ಬಿಟ್ಟುಕೊಡಿ. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಬಂದ ಕ್ಷಣವೇ ಹಚ್ಚಿ, ಬೆವರಿದ ಎದೆಯನ್ನು ಮೊದಲು ಒರೆಸದಿದ್ದರೆ ಪ್ಯಾಡ್ ಅಂಟದು.

ಪ್ರಶ್ನೆ: ಇಷ್ಟೆಲ್ಲ ಆದಾಗ ವಿಮಾನವನ್ನು ತಕ್ಷಣ ಏಕೆ ಇಳಿಸುವುದಿಲ್ಲ?
– ಮಂಗಳೂರಿನ ಓದುಗರು

ಉತ್ತರ: ತೀರ್ಮಾನ ಕ್ಯಾಪ್ಟನ್‌ದು, ವೈದ್ಯರದು ಸಲಹೆ ಮಾತ್ರ. ಹತ್ತಿರದಲ್ಲೇ ನಿಲ್ದಾಣವಿದ್ದರೂ ಆ ಎತ್ತರದಿಂದ ಇಳಿಯಲು ಇಪ್ಪತ್ತು–ಮೂವತ್ತು ನಿಮಿಷ ಬೇಕು. ಇಂಧನ ತುಂಬಿದ ವಿಮಾನದ ಭಾರ ಇಳಿಯುವ ಮಿತಿಗಿಂತ ಹೆಚ್ಚಿರಬಹುದು. ಹವೆ, ರನ್‌ವೇಯ ಉದ್ದ ನೋಡಬೇಕು. ಮುಖ್ಯವಾಗಿ, ಆ ಊರಿನಲ್ಲಿ ಹೃದಯದ ಆಸ್ಪತ್ರೆಯೇ ಇಲ್ಲದಿದ್ದರೆ ಅಲ್ಲಿ ಇಳಿದು ರೋಗಿಗೆ ಲಾಭವಿಲ್ಲ. ಕೆಲವೊಮ್ಮೆ ಇನ್ನೊಂದು ಗಂಟೆ ಹಾರಿ ದೊಡ್ಡ ಊರು ಸೇರುವುದೇ ಬೇಗ ಚಿಕಿತ್ಸೆ ಸಿಗುವ ದಾರಿ.