ಪೈರಸಿ ಕಾಪಿ ನೋಡಿದರೆ ಸಿನಿಮಾಗೆ ನಿಜವಾಗಲೂ ನಷ್ಟ ಆಗುತ್ತಾ?

ಟೆಲಿಗ್ರಾಂನಲ್ಲಿ ಸಿನಿಮಾ ನೋಡುವವರು ಹೇಗೂ ಟಿಕೆಟ್ ತಗೊಳ್ಳುವವರಲ್ಲ, ಹಾಗಿದ್ದ ಮೇಲೆ ನಿರ್ಮಾಪಕರಿಗೆ ನಷ್ಟ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ನಿಮ್ಮ ಮಾತು ಅರ್ಧ ಸರಿ. ಲಿಂಕ್ ಒತ್ತಿದವರೆಲ್ಲ ಒಂದೊಂದು ಟಿಕೆಟ್ ಎಂದು ಲೆಕ್ಕ ಹಾಕುವುದು ತಪ್ಪು. ಆದರೆ ಆ ಲಿಂಕ್ ಯಾವ ದಿನ ಬಂತು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ನಾನು ಒಂದು ಸಣ್ಣ ಕನ್ನಡ ಸಿನಿಮಾಗೆ ಸಹಾಯಕ ನಿರ್ದೇಶಕನಾಗಿದ್ದೆ. ಬಿಡುಗಡೆಯ ವಾರ ನನ್ನನ್ನು ದಾವಣಗೆರೆಗೆ ಕಳಿಸಿದ್ದರು. ಶುಕ್ರವಾರ ಮ್ಯಾಟ್ನಿಗೆ 30 ಜನ. ಫಸ್ಟ್ ಶೋಗೆ 80. ಶನಿವಾರ ಇನ್ನೂ ಜಾಸ್ತಿ. ಹೊರಗೆ ಬಂದವರು ಫೋನ್ ಮಾಡಿ "ಚೆನ್ನಾಗಿದೆ, ಬಾರೋ" ಅಂತ ಸ್ನೇಹಿತರನ್ನು ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಥಿಯೇಟರ್ ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದೆ. ಪಕ್ಕದ ಹುಡುಗ ಮೊಬೈಲ್‌ನಲ್ಲಿ ನಮ್ಮ ಸಿನಿಮಾವನ್ನೇ ನೋಡುತ್ತಿದ್ದ. ಚಿತ್ರ ಒಂದು ಕಡೆ ವಾಲಿತ್ತು. ಮುಂದಿನ ಸಾಲಿನವರ ತಲೆ ಕಾಣುತ್ತಿತ್ತು. ನಾವು ಎಷ್ಟೋ ರಾತ್ರಿ ಕೂತು ಕೂಡಿಸಿದ ಮಳೆಯ ಸದ್ದು ಬರೀ ಗೊರಗೊರ ಅನ್ನುತ್ತಿತ್ತು. ಕೇಳಿದ್ದಕ್ಕೆ, "ಟಿಕೆಟ್ ತಗೊಳ್ಳೋಣ ಅಂತಾನೇ ಬಂದೆ ಅಣ್ಣ, ಅಷ್ಟರಲ್ಲಿ ಫ್ರೆಂಡ್ ಲಿಂಕ್ ಕಳಿಸಿದ" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಹೊಟ್ಟೆ ಮಾತ್ರ ಕಿವುಚಿದ ಹಾಗಾಯಿತು.

ಸೋಮವಾರ ನಾಲ್ಕು ಶೋ ಎರಡಾಯಿತು. ಗುರುವಾರ ಪೋಸ್ಟರ್ ಕಿತ್ತರು. ಎಲ್ಲವೂ ಪೈರಸಿಯಿಂದಲೇ ಆಯಿತು ಎಂದು ಹೇಳಲಾರೆ, ಪ್ರಚಾರಕ್ಕೂ ನಮ್ಮಲ್ಲಿ ದುಡ್ಡಿರಲಿಲ್ಲ. ಆದರೆ ಒಂದು ವಿಷಯ ಗಮನಿಸಿ. ನಮ್ಮಲ್ಲಿ ಬಹಳಷ್ಟು ಸಿಂಗಲ್ ಸ್ಕ್ರೀನ್‌ಗಳಿಗೆ ನಿರ್ಮಾಪಕರೇ ವಾರದ ಬಾಡಿಗೆ ಕಟ್ಟಬೇಕು. ಸೀಟು ಖಾಲಿ ಇದ್ದರೂ ಬಾಡಿಗೆ ಬಾಡಿಗೆಯೇ. ಸಣ್ಣ ಸಿನಿಮಾ ಬದುಕುವುದು ಬಾಯಿಂದ ಬಾಯಿಗೆ ಹೋಗುವ ಮಾತಿನಿಂದ, ಅದಕ್ಕೆ ಕನಿಷ್ಠ ಒಂದು ವಾರವಾದರೂ ಬೇಕು. ಮೂರನೇ ದಿನವೇ ಕಾಪಿ ಹೊರಗೆ ಬಂದರೆ "ಬಾರೋ" ಅನ್ನುವ ಜಾಗದಲ್ಲಿ "ಲಿಂಕ್ ಕಳಿಸ್ತೀನಿ" ಅಂತಾರೆ.

ದೊಡ್ಡ ಸ್ಟಾರ್ ಸಿನಿಮಾದ ಕಥೆಯೇ ಬೇರೆ. 2013ರಲ್ಲಿ ಪವನ್ ಕಲ್ಯಾಣ್ ಅವರ ತೆಲುಗು ಸಿನಿಮಾ 'ಅತ್ತಾರಿಂಟಿಕಿ ದಾರೇದಿ' ಬಿಡುಗಡೆಗೆ ಮುಂಚೆಯೇ ಅರ್ಧದಷ್ಟು ಆನ್‌ಲೈನ್‌ಗೆ ಸೋರಿತು. ಹಾಗಾಗಿ ಅಂದುಕೊಂಡಿದ್ದಕ್ಕಿಂತ ಬೇಗ, ಸೆಪ್ಟೆಂಬರ್ 27ಕ್ಕೇ ಬಿಡುಗಡೆ ಮಾಡಿದರು. ಅಭಿಮಾನಿಗಳು ಮುಗಿಬಿದ್ದು ನೋಡಿದರು, ಭರ್ಜರಿ ಗೆದ್ದಿತು. ಇದನ್ನು ತೋರಿಸಿ "ಪೈರಸಿಯಿಂದ ಏನೂ ಆಗಲ್ಲ" ಅನ್ನುವವರಿದ್ದಾರೆ. ಆ ಅಭಿಮಾನಿಗಳ ಪಡೆ ಹೊಸಬರಿಗೆ ಎಲ್ಲಿಂದ ಬರಬೇಕು?

ದಿನದ ಲೆಕ್ಕ ಸುಮ್ನೆ ನನ್ನ ಅನುಭವವಷ್ಟೇ ಅಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಿಡುಗಡೆಯ ನಂತರ ಸೋರಿದ ಸಿನಿಮಾಗಳಿಗೆ ಹೋಲಿಸಿದರೆ, ಮುಂಚೆಯೇ ಸೋರಿದ ಸಿನಿಮಾಗಳ ಗಳಿಕೆ ಸುಮಾರು 19% ಕಡಿಮೆ ಇತ್ತು. ನನ್ನ ಮಾತಿಗೆ ಎದುರಾಗುವ ಅಧ್ಯಯನವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಪೈರಸಿ ಕಾಪಿಗಳು ಸಿಗುತ್ತಿದ್ದ ಮೆಗಾಅಪ್‌ಲೋಡ್ ಅನ್ನುವ ಫೈಲ್ ಹಂಚುವ ವೆಬ್‌ಸೈಟನ್ನು 2012ರ ಜನವರಿಯಲ್ಲಿ ಮುಚ್ಚಿಸಿದಾಗ ದೊಡ್ಡ ಸಿನಿಮಾಗಳ ಥಿಯೇಟರ್ ಗಳಿಕೆಗೆ ಅನುಕೂಲವಾಯಿತು, ಮಧ್ಯಮ ಗಾತ್ರದವಕ್ಕೆ ಸ್ವಲ್ಪ ಹೊಡೆತವೇ ಬಿತ್ತು ಎಂದು ಇನ್ನೊಂದು ತಂಡ ಕಂಡುಕೊಂಡಿತು. ಪುಕ್ಕಟೆ ನೋಡಿದವರೂ ಸಿನಿಮಾದ ಬಗ್ಗೆ ನಾಲ್ಕು ಜನಕ್ಕೆ ಹೇಳುತ್ತಾರೆ, ಅದು ಪ್ರಚಾರವಾಗುತ್ತದೆ ಅನ್ನುವುದು ಅವರ ವಿವರಣೆ. ಇರಬಹುದು. ಆದರೆ ಆ ಮಾತು ಹಬ್ಬುವಷ್ಟರಲ್ಲಿ ನಮ್ಮ ಸಿನಿಮಾ ಥಿಯೇಟರ್‌ನಲ್ಲಿ ಇರಬೇಕಲ್ವಾ?

ಕಾನೂನು ಗಟ್ಟಿಯಾಗಿಯೇ ಇದೆ. ಸಿನಿಮಾಟೋಗ್ರಾಫ್ ಕಾಯ್ದೆಗೆ ತಂದ 2023ರ ತಿದ್ದುಪಡಿಯ ಪ್ರಕಾರ ಥಿಯೇಟರ್‌ನಲ್ಲಿ ಸಿನಿಮಾ ಕದ್ದು ಚಿತ್ರೀಕರಿಸಿದರೆ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಥಿಯೇಟರ್‌ನಿಂದ ಹೋದ ಮೇಲೆ ಎಷ್ಟೋ ಕನ್ನಡ ಸಿನಿಮಾಗಳು ದುಡ್ಡು ಕೊಡುತ್ತೇನೆಂದರೂ ಸಿಗುವುದಿಲ್ಲ. ಓಟಿಟಿಗಳು ಕೊಳ್ಳುವುದಿಲ್ಲ. 2024ರಲ್ಲಿ ರಕ್ಷಿತ್ ಶೆಟ್ಟಿ ಅಂಥವರೇ 'ಏಕಂ' ವೆಬ್ ಸರಣಿಗೆ ಸ್ವಂತ ವೆಬ್‌ಸೈಟ್ ಮಾಡಬೇಕಾಯಿತು. ನಮ್ಮ ಸಿನಿಮಾವಂತೂ ಇವತ್ತಿಗೂ ಎಲ್ಲೂ ಇಲ್ಲ. ಅಮೆರಿಕದಲ್ಲಿರುವ ಕನ್ನಡಿಗರೊಬ್ಬರು "ಎಲ್ಲಿ ದುಡ್ಡು ಕಟ್ಟಿ ನೋಡಲಿ?" ಎಂದು ಮೆಸೇಜ್ ಮಾಡಿದ್ದರು. ಹೇಳಲು ನನ್ನ ಹತ್ತಿರ ಒಂದು ಜಾಗವೂ ಇರಲಿಲ್ಲ. ಅಂಥವರು ಎಲ್ಲೋ ಹುಡುಕಿ ನೋಡಿದರೆ ನಮಗೆ ಯಾವ ಟಿಕೆಟ್ಟೂ ತಪ್ಪುವುದಿಲ್ಲ, ಅಲ್ಲಿ ನಿಮ್ಮ ಮಾತು ಪೂರ್ತಿ ಸರಿ.

ಒಂದೇ ಕೇಳಿಕೊಳ್ಳುತ್ತೇನೆ. ಬಿಡುಗಡೆಯಾದ ವಾರ ನಿಮ್ಮ ಗ್ರೂಪಿಗೆ ಲಿಂಕ್ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ನೋಡುವ ಮನಸ್ಸಿದ್ದರೆ ಶುಕ್ರವಾರ, ಶನಿವಾರವೇ ಹೋಗಿ. ಸೋಮವಾರ ಎಷ್ಟು ಶೋ ಉಳಿಯಬೇಕು ಎಂದು ಥಿಯೇಟರ್‌ನವರು ನೋಡುವುದು ಆ ದಿನಗಳ ಕಲೆಕ್ಷನ್ನೇ.