ಹಳೇ ಪಿಕಪ್‌ನಲ್ಲಿ ಟೈಲ್ ಲ್ಯಾಂಪ್ ಫ್ಯೂಸ್ ಪದೇ ಪದೇ ಹೋಗುತ್ತಿದೆಯಾ? ಲೋಡ್ ಹಾಕಿ ಹುಡುಕಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. 2009ರ ಡೀಸೆಲ್ ಪಿಕಪ್, ಮಂಗಳೂರು ದಕ್ಕೆಯಿಂದ (ಮೀನು ಇಳಿಸುವ ಬಂದರಿನಿಂದ) ಮೂಡುಬಿದಿರೆಗೆ ಮೀನು ಸಾಗಿಸುತ್ತೀರಿ. ಟೈಲ್ ಲ್ಯಾಂಪ್ ಫ್ಯೂಸ್ ವಾರಕ್ಕೆ ಎರಡು ಸಲ ಹೋಗುತ್ತದೆ. ಇಬ್ಬರು ಎಲೆಕ್ಟ್ರಿಷಿಯನ್ ನೋಡಿ ಏನೂ ಇಲ್ಲ ಅಂದರು. ಬ್ಯಾಟರಿಯನ್ನೂ ಹೊಸದು ಹಾಕಿದಿರಿ. ಈಗ ಯಾರೋ ದೊಡ್ಡ ಫ್ಯೂಸ್ ಹಾಕಿ, ಇಲ್ಲದಿದ್ದರೆ ತಂತಿ ಸುತ್ತಿ ಬಿಡಿ ಅನ್ನುತ್ತಿದ್ದಾರೆ. ಹಾಗೆ ಮಾಡಬಹುದಾ?

ಬೇಡ ಮಾರಾಯ್ರೇ, ದಯವಿಟ್ಟು ಬೇಡ. ಹಿಂದಿನ ಲೈಟಿಗೆ ಹೋಗುವ ವೈರು ತೆಳ್ಳಗಿರುತ್ತದೆ. ಅದರ ತಾಮ್ರ ಗಾಡಿಯ ಕಬ್ಬಿಣಕ್ಕೆ ತಾಗಿ ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪಿಯರ್ ಕೊಡಬಲ್ಲದು. ಫ್ಯೂಸ್ ಕಡಿಯದಿದ್ದರೆ ವೈರೇ ಕಾದು ಸುಡುತ್ತದೆ, ಅದೂ ಡೀಸೆಲ್ ಪೈಪ್ ಇರುವ ಚಾಸಿಯಲ್ಲಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನಲ್ಲಿ). ಕೆಂಪು 10 ಆಂಪಿಯರ್ ಫ್ಯೂಸ್ ಇದ್ದ ಜಾಗಕ್ಕೆ ಕೆಂಪೇ ಹಾಕಿ, ನೀಲಿ 15 ಅಥವಾ ಹಳದಿ 20 ಅಲ್ಲ. ಬ್ಯಾಟರಿ ಹಳತಾಗಿದ್ದಕ್ಕೆ ಫ್ಯೂಸ್ ಹೋಗುವುದಿಲ್ಲ. ಆ ಖರ್ಚು ಆಗಿ ಹೋಯಿತು, ಬಿಡಿ.

ನನ್ನದೂ ಇದೇ ಕಥೆ. ಮಲ್ಪೆಯಿಂದ ಹೆಬ್ರಿಗೆ ಬಂಗುಡೆ, ಬೂತಾಯಿ ಹಾಕಿಕೊಂಡು ಹೋಗುವ ಹಳೇ ಗಾಡಿ. ಬೆಳಗಿನ ಜಾವ ಮಣಿಪಾಲ ದಾಟಿ ಪರ್ಕಳ ಇಳಿಯುವಾಗ ಹಿಂದಿನ ಲೈಟ್ ಆರುತ್ತಿತ್ತು. ಕತ್ತಲಲ್ಲಿ ಹಿಂದೆ ಲೈಟಿಲ್ಲದೆ ಲೋಡ್ ಗಾಡಿ ಓಡಿಸುವ ಹೆದರಿಕೆ ನಿಮಗೂ ಗೊತ್ತಿರುತ್ತದೆ. ಗ್ಯಾರೇಜಿಗೆ ಹೋದರೆ ಎಲ್ಲ ಸರಿ. ಹೊಸ ಫ್ಯೂಸ್ ಹಾಕಿ ಕಳಿಸುತ್ತಿದ್ದರು.

ಆಮೇಲೆ ಬಾಡಿಗೆ ಬರೆಯುವ ಪುಸ್ತಕದಲ್ಲೇ ಫ್ಯೂಸ್ ಹೋದ ದಿನವನ್ನೂ ಬರೆಯಲು ಶುರು ಮಾಡಿದೆ. ಎಲ್ಲಿ ಹೋಯಿತು, ಮಳೆ ಇತ್ತಾ, ಲೋಡ್ ಇತ್ತಾ, ಬ್ರೇಕ್ ಒತ್ತಿದ್ದೆನಾ, ಇಷ್ಟೇ. ಒಂಬತ್ತು ಸಲ ಬರೆದ ಮೇಲೆ ನೋಡಿದರೆ ಒಂಬತ್ತೂ ಲೋಡ್ ಇದ್ದಾಗಲೇ. ಖಾಲಿ ವಾಪಸ್ ಬರುವಾಗ ಒಂದು ಸಲವೂ ಇಲ್ಲ. ಮಳೆಗೂ ಅದಕ್ಕೂ ಸಂಬಂಧ ಕಾಣಲಿಲ್ಲ.

ಗ್ಯಾರೇಜಿನಲ್ಲಿ ಏಕೆ ಸಿಗಲಿಲ್ಲ ಅಂತ ಆಗ ಗೊತ್ತಾಯಿತು. ಅಲ್ಲಿ ಗಾಡಿ ಖಾಲಿ. ಸಾಲದ್ದಕ್ಕೆ ಚಾಸಿಗೆ ಜಾಕ್ ಕೊಟ್ಟು ಎತ್ತುತ್ತಾರೆ. ಆಗ ಆಕ್ಸೆಲ್ (ಎರಡು ಹಿಂದಿನ ಚಕ್ರ ಜೋಡಿಸುವ ಅಡ್ಡ ದಂಡ) ಕೆಳಗೆ ಜೋತು ಬೀಳುತ್ತದೆ, ಚಾಸಿಗೂ ಅದಕ್ಕೂ ನಡುವೆ ಜಾಗ ಜಾಸ್ತಿ ಆಗುತ್ತದೆ. ಲೋಡ್ ಇದ್ದಾಗ ವೈರು ಎಲ್ಲಿ ತಾಗುತ್ತದೋ ಅದೇ ಜಾಗ ಜಾಕ್ ಮೇಲೆ ಬಿಡಿಸಿಕೊಂಡು ಬಿಡುತ್ತದೆ.

ಜೂನ್, ಜುಲೈ ಟ್ರಾಲಿಂಗ್ (ಬೋಟಿನ ಮೀನುಗಾರಿಕೆ) ಬಂದ್ ಇರುತ್ತದಲ್ಲ, ಆಗ ಗಾಡಿಗೆ ಪುರುಸೊತ್ತು. ಕಂಪೌಂಡ್ ಕಟ್ಟಲು ತಂದಿಟ್ಟ ಕೆಂಪುಕಲ್ಲು ಇತ್ತು. ನಾನೂ ಭಾವನೂ ಸೇರಿ ಮೂವತ್ತು ಕಲ್ಲು ಹಿಂದೆ ತುಂಬಿಸಿದೆವು. ಗಾಡಿ ಸಪಾಟು ನೆಲದಲ್ಲಿ, ಚಕ್ರಕ್ಕೆ ಅಡ್ಡ ಕಲ್ಲು, ಹ್ಯಾಂಡ್ ಬ್ರೇಕ್, ಇಂಜಿನ್ ಬಂದ್. ಜಾಕ್ ಮುಟ್ಟಲೇ ಇಲ್ಲ.

ಮುಂದಿನದು ಸುಲಭ, ನೀವೂ ಮಾಡಬಹುದು. ಫ್ಯೂಸ್ ತೆಗೆಯಿರಿ. ಇಂಡಿಕೇಟರಿಗೆ ಹಾಕುವ 12 ವೋಲ್ಟ್ 21 ವ್ಯಾಟ್ ಬಲ್ಬಿಗೆ ಎರಡು ವೈರು ಕಟ್ಟಿ, ಫ್ಯೂಸ್ ಕೂರುವ ಎರಡು ಕಡೆಗೆ ಸಿಕ್ಕಿಸಿ. ಆ ಫ್ಯೂಸಿಗೆ ಸೇರಿದ ಹಿಂದಿನ ಬಲ್ಬುಗಳು, ನಂಬರ್ ಪ್ಲೇಟ್ ಬಲ್ಬು, ಮುಂದಿನ ಪಾರ್ಕಿಂಗ್ ಬಲ್ಬು, ಸಿಕ್ಕಿದಷ್ಟು ಬಿಚ್ಚಿಡಿ. ಲೈಟ್ ಸ್ವಿಚ್ ಹಾಕಿ. ಎಲ್ಲ ಬಿಚ್ಚಿದ್ದರೆ ನಿಮ್ಮ ಬಲ್ಬ್ ಉರಿಯಬಾರದು. ಡ್ಯಾಶ್‌ಬೋರ್ಡ್ ಲೈಟ್ ಉಳಿದಿದ್ದರೆ ಸ್ವಲ್ಪ ಮಂಕಾಗಿ ಉರಿದೀತು, ಅದು ಪರವಾಗಿಲ್ಲ. ಪೂರ್ತಿ ಬೆಳಗಿತೋ, ಅಲ್ಲೇ ಶಾರ್ಟ್ ಉಂಟು. ಈ ಬಲ್ಬ್ 2 ಆಂಪಿಯರ್‌ಗಿಂತ ಜಾಸ್ತಿ ಬಿಡುವುದಿಲ್ಲ. ಹಾಗಾಗಿ ಎಷ್ಟು ಹೊತ್ತು ಹುಡುಕಿದರೂ ವೈರು ಸುಡುವುದಿಲ್ಲ, ಫ್ಯೂಸ್ ಮೇಲೆ ಫ್ಯೂಸ್ ಸುಡುವ ಖರ್ಚೂ ಇಲ್ಲ.

ನಮ್ಮ ಬಲ್ಬ್ ಸುಮ್ನೆ ಇತ್ತು. ಭಾವ ಹಿಂದಿನ ಬಂಪರ್ ಮೇಲೆ ನಿಂತು ಜಗ್ಗಿದ. ಬಲ್ಬ್ ಒಂದು ಸಲ ಪಕ್ಕನೆ ಬೆಳಗಿ ಆರಿತು. ಇನ್ನೊಮ್ಮೆ ಜಗ್ಗಿದ, ಇನ್ನೊಮ್ಮೆ ಬೆಳಗಿತು. ಅಷ್ಟು ತಿಂಗಳ ಮಂಡೆಬಿಸಿ ಆ ಒಂದು ಬೆಳಕಿಗೆ ಇಳಿಯಿತು.

ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಎಡಗಡೆ ಚಾಸಿಯಲ್ಲಿ ವೈರಿನ ಕಟ್ಟನ್ನು ಹಿಡಿದಿಡುವ ಒಂದು ಕ್ಲಿಪ್ ತುಕ್ಕು ಹಿಡಿದು ತುಂಡಾಗಿತ್ತು. ಕಟ್ಟು ಜೋತು ಬಿದ್ದು, ಲೋಡ್ ಬಿದ್ದಾಗ ಸ್ಪ್ರಿಂಗ್ ಪ್ಲೇಟನ್ನು ಆಕ್ಸೆಲಿಗೆ ಬಿಗಿಯುವ ಯೂ ಬೋಲ್ಟ್ ಮೇಲೆ ಕೂರುತ್ತಿತ್ತು. ಬೋಲ್ಟ್ ಪೂರ್ತಿ ತುಕ್ಕು, ಆದರೆ ಒಂದು ಕಡೆ ಮಾತ್ರ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಕಟ್ಟನ್ನು ಮೇಲಿಂದ ನೋಡಿದರೆ ಟೇಪ್ ಸರಿಯಾಗೇ ಇತ್ತು. ತಿರುಗಿಸಿದರೆ ಕೆಳಗೆ ಉಗುರಿನಷ್ಟು ಜಾಗದಲ್ಲಿ ತಾಮ್ರದ ಎರಡು ಎಳೆ ಹೊರಗೆ ಬಂದಿತ್ತು.

ಸುಮ್ನೆ ಟೇಪ್ ಸುತ್ತಿ ಬಿಡಬೇಡಿ. ಮೀನಿನ ಪೆಟ್ಟಿಗೆಯಿಂದ ಇಳಿಯುವ ಐಸ್ ನೀರಲ್ಲಿ ಉಪ್ಪು ಇರುತ್ತದೆ. ಅದು ವೈರಿನ ಒಳಗೇ ಹತ್ತಿಕೊಂಡು ಹೋಗುತ್ತದೆ. ನಾನು ಕತ್ತರಿಸಿದಾಗ ಒಂದು ಗೇಣಿನಷ್ಟು ತಾಮ್ರ ಕಪ್ಪಾಗಿತ್ತು, ನಡುನಡುವೆ ಹಸಿರು ಕಿಲುಬು. ಕಪ್ಪು ತಾಮ್ರಕ್ಕೆ ಸೋಲ್ಡರ್ ಹಿಡಿಯುವುದಿಲ್ಲ. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಅದೇ ದಪ್ಪದ ಹೊಸ ತುಂಡು ಸೇರಿಸಿ, ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ. ಮೇಲೆ ಪ್ಲಾಸ್ಟಿಕ್ ಪೈಪಿನ ಕವರ್ ಹಾಕಿ, ಕ್ಲಿಪ್ ಹೊಸದು ಕೂರಿಸಿ ಕಟ್ಟನ್ನು ಮೇಲೆತ್ತಿ. ಕ್ಲಿಪ್ ಮರೆತರೆ ಮುಂದಿನ ವರ್ಷ ಮತ್ತೆ ಅದೇ.

ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಂಕಾಗಿ ಉರಿಯುತ್ತದೆ ಅಂತ ಬರೆದಿದ್ದೀರಿ. ಅದು ಬೇರೆ ತೊಂದರೆ, ಅರ್ತಿಂಗ್ (ಕರೆಂಟ್ ಗಾಡಿಯ ಕಬ್ಬಿಣದ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಕೆಟ್ಟಿದೆ. ಅರ್ತಿಂಗ್ ಕೆಟ್ಟದ್ದಕ್ಕೆ ಫ್ಯೂಸ್ ಹೋಗುವುದಿಲ್ಲ, ಎರಡನ್ನೂ ಒಂದೇ ಅಂತ ತಿಳಿಯಬೇಡಿ. ಲ್ಯಾಂಪಿನ ಅರ್ತ್ ವೈರು ಗಾಡಿಯ ಕಬ್ಬಿಣಕ್ಕೆ ಸೇರುವ ಬೋಲ್ಟ್ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ ಮೇಲೆ ಗ್ರೀಸ್ ಸವರಿ.

ಮೊದಲು ಒಂದು ವಾರ ಬರೆದಿಡಿ. ನಿಮ್ಮದು ಖಾಲಿ ಗಾಡಿಯಲ್ಲೂ ಹೋಗುತ್ತದೆ ಅಂತಾದರೆ ಲೋಡ್ ಹಾಕುವ ಕಷ್ಟ ಬೇಡ. ಆಗ ಲ್ಯಾಂಪ್ ಹೋಲ್ಡರ್ ಬಿಚ್ಚಿ ಒಳಗೆ ನೀರು, ಕಿಲುಬು ಉಂಟಾ ನೋಡಿ. ಬಲ್ಬ್ ಯಾವಾಗ ಬೆಳಗಿತು ಅಂತ ಇಲ್ಲೇ ಬರೆಯಿರಿ, ಮುಂದೆ ಎಲ್ಲಿ ನೋಡಬೇಕು ಅಂತ ಹೇಳುತ್ತೇನೆ.