ಕಿನ್ನಾಳದ ಗರುಡ ದೆಹಲಿಗೆ ಮುರಿಯದೆ ತಲುಪಬೇಕಾದರೆ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಸಾಮಾನು ಸಾಗಣೆ

ನಾಜೂಕಿನ ಸಾಮಾನುಗಳನ್ನು ಕಟ್ಟಿ ದೂರದ ಊರುಗಳಿಗೆ ಕಳುಹಿಸುವ ಕೆಲಸವನ್ನು ಬಳ್ಳಾರಿಯಲ್ಲಿ 27 ವರ್ಷಗಳಿಂದ ಮಾಡುತ್ತಿದ್ದೇನೆ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು ಕೇಳುತ್ತವೆ: "ಎಲ್ಲರಿಗಿಂತ ಕಡಿಮೆ ದರ ಯಾರದು?" ಇದನ್ನು ಕೇಳಬೇಡಿ ಎಂದು ಎಷ್ಟು ಬಾರಿ ಬರೆದರೂ ಮತ್ತೆ ಅದೇ ಪ್ರಶ್ನೆ. ಸಾಮಾನು ಎಷ್ಟು ಕೈ ಬದಲಾಗುತ್ತದೆ, ಪೆಟ್ಟಿಗೆಯ ಅಳತೆ ಎಷ್ಟು, ಇವೆರಡನ್ನು ಮೊದಲು ಕೇಳಿ. ದುಡ್ಡು ಉಳಿಯುವುದೂ ಸಾಮಾನು ಉಳಿಯುವುದೂ ಅಲ್ಲಿಯೇ. ಕೊಪ್ಪಳದಿಂದ ಬಂದ ಒಂದು ಪತ್ರಕ್ಕೆ ಇಂದು ಹೆಚ್ಚು ಜಾಗ ಕೊಟ್ಟಿದ್ದೇನೆ, ಉಳಿದವರು ಬೇಸರಿಸಬಾರದು.

ಪೆಟ್ಟಿಗೆಯ ಮೇಲೆ "ಒಡೆಯುವ ವಸ್ತು, ಎಚ್ಚರಿಕೆ" ಎಂಬ ಕೆಂಪು ಚೀಟಿ ಅಂಟಿಸಿದರೆ ಸಾಕೇ? – ಓದುಗರು, ಹೊಸಪೇಟೆ

ಸಾಲದು. ರಾತ್ರಿ ಎರಡು ಗಂಟೆಗೆ ಗೋಡೌನಿನಲ್ಲಿ ಲಾರಿ ಇಳಿಸುವವರಿಗೆ ಚೀಟಿ ಓದಲು ಬೆಳಕೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.

ಫ್ರಿಜ್ಜನ್ನು ಮಲಗಿಸಿ ಒಯ್ಯಬಹುದೇ? – ಓದುಗರು, ಸಿರುಗುಪ್ಪ

ಬೇಡ. ನಿಲ್ಲಿಸಿಯೇ ಒಯ್ಯಿರಿ. ಇದೇ ಪ್ರಶ್ನೆಗೆ ಹಿಂದೆಯೂ ಉತ್ತರಿಸಿದ್ದೇನೆ.

ಸರ್, ನಮ್ಮ ಮನೆಯಲ್ಲಿ ಅಜ್ಜನ ಕಾಲದ ಗರುಡ ಇದೆ, ನಮ್ಮ ಪಕ್ಕದ ಕಿನ್ನಾಳ ಊರಿನವರು ಮಾಡಿದ ಬಣ್ಣದ ಮರದ ಮೂರ್ತಿ. ನಾಲ್ಕು ಅಡಿ ಎತ್ತರ, ರೆಕ್ಕೆ ಬಿಚ್ಚಿ ಕೈಮುಗಿದು ಕುಳಿತ ಭಂಗಿ. ಅದನ್ನು ದೆಹಲಿಯಲ್ಲಿರುವ ಮಗಳ ಮನೆಗೆ ಕಳುಹಿಸಬೇಕು. ಮೂರ್ತಿ ತೂಗುವುದು 22 ಕೆ.ಜಿ., ಆದರೆ ಕೊರಿಯರಿನವರು 267 ಕೆ.ಜಿ. ಲೆಕ್ಕ ಹಿಡಿದು ದರ ಹೇಳಿದರು. ಇದು ಮೋಸವಲ್ಲವೇ? ಪರಿಚಯದ ಅಕ್ಕಿ ಲಾರಿಯವರು ಮೂಟೆಗಳ ಮೇಲೆ ಇಟ್ಟುಕೊಂಡು ಹೋಗುತ್ತೇವೆ ಎನ್ನುತ್ತಾರೆ. ಭತ್ತದ ಹುಲ್ಲು ತುಂಬಿ ಕಳುಹಿಸಿದರೆ ಆಗುವುದಿಲ್ಲವೇ? – ಓದುಗರು, ಕೊಪ್ಪಳ

ಮೋಸವಲ್ಲ. ಹಗುರವಾದ ದೊಡ್ಡ ಪೆಟ್ಟಿಗೆ ಗಾಡಿಯಲ್ಲಿ ಹಿಡಿಯುವ ಜಾಗಕ್ಕೆ ಅವರು ದುಡ್ಡು ಕೇಳುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಾದರೆ ಬಿಲ್ಲು ಆ ಸಂಖ್ಯೆಗೆ. ನೀವು ಕಳುಹಿಸಿದ ಅಳತೆ 150, 105, 85. ಗುಣಿಸಿ ಭಾಗಿಸಿದರೆ 267 ಬಂದೇ ಬರುತ್ತದೆ. ಮೂರ್ತಿಯ ಮೈಗೆ ಹೊಂದುವಂತೆ 140, 90, 60ರ ಮರದ ಕ್ರೇಟು ಮಾಡಿಸಿದರೆ ಅದು 151ಕ್ಕೆ ಇಳಿಯುತ್ತದೆ. ಯಾರೊಂದಿಗೂ ಚೌಕಾಸಿ ಮಾಡದೆ 116 ಕೆ.ಜಿ. ಬಾಡಿಗೆ ಉಳಿಯಿತು. ಮೊದಲು ಟೇಪು ಹಿಡಿದು ಅಳೆಯಿರಿ, ದರವನ್ನು ಆಮೇಲೆ ಕೇಳಿ.

ಅದಕ್ಕೂ ಮುಂಚೆ ಮೂರ್ತಿಯನ್ನು ಕಿನ್ನಾಳದಲ್ಲಿ ಇಂಥ ಮೂರ್ತಿ ಮಾಡುವ ಚಿತ್ರಗಾರರೊಬ್ಬರಿಗೆ ತೋರಿಸಿ. ಕೊಪ್ಪಳದಿಂದ ಎಷ್ಟು ದೂರ? ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ರೆಕ್ಕೆಗಳು ಬೇರೆಯಾಗಿ ಬರುತ್ತವೆಯೇ ಇಲ್ಲವೇ ಎಂಬುದು ಅವರಿಗೆ ಕೈಯಿಟ್ಟರೆ ಗೊತ್ತಾಗುತ್ತದೆ. ಬಂದರೆ ಪೆಟ್ಟಿಗೆ ಇನ್ನೂ ಚಿಕ್ಕದಾಗುತ್ತದೆ. ಬಾರದಿದ್ದರೆ ಹಾಗೆಯೇ ಬಿಡಿ. ದಯವಿಟ್ಟು ನೀವಾಗಿ ಅಲುಗಾಡಿಸಿ ನೋಡಬೇಡಿ. ಕಿನ್ನಾಳದ ಕೆಲಸವೆಂದರೆ ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸಂದುಗಳನ್ನು ಕಿಟ್ಟ ಎಂಬ ಮೆತ್ತುವ ಲೇಪದಿಂದ ಮುಚ್ಚಿ, ಮೇಲೆ ಬಣ್ಣ ಕೊಟ್ಟದ್ದು. ಆ ಅಂಟು ತೇವ ತಾಳುವುದಿಲ್ಲ. ಆ ಸಂದು ಏಟು ತಾಳುವುದಿಲ್ಲ. ತೋಳು ಮೈಗೆ ಕೂಡುವಲ್ಲಿ, ರೆಕ್ಕೆ ಬೆನ್ನಿಗೆ ಕೂಡುವಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿಯೇ ರಿಪೇರಿ ಮಾಡಿಸಿ, ಪೂರ್ತಿ ಒಣಗಿದ ಮೇಲೆ ಕಟ್ಟಿ.

ಇನ್ನು ಭತ್ತದ ಹುಲ್ಲು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ಹುಲ್ಲಿಗೆ ಬರವಿಲ್ಲ. ಹಾಗಾಗಿ ಪ್ರತಿ ತಿಂಗಳೂ ಯಾರಾದರೊಬ್ಬರು "ನಮ್ಮ ಹಿರಿಯರು ಹುಲ್ಲಿನಲ್ಲೇ ಕಳುಹಿಸುತ್ತಿದ್ದರು" ಎಂದು ಬರೆಯುತ್ತಾರೆ. ಹಿರಿಯರು ಚಕ್ಕಡಿಯಲ್ಲಿ ಪಕ್ಕದ ಊರಿಗೆ ಕಳುಹಿಸುತ್ತಿದ್ದರು. ಲಾರಿಯ ನಡುಕಕ್ಕೆ ಹುಲ್ಲು ಕುಸಿಯುತ್ತಾ ಹೋಗುತ್ತದೆ. ಮೊದಲ ರಾತ್ರಿ ಕಳೆಯುವಷ್ಟರಲ್ಲಿ ಮೂರ್ತಿಯ ಸುತ್ತ ನಾಲ್ಕು ಬೆರಳು ಖಾಲಿ ಜಾಗವಾಗಿ, ಆಮೇಲೆ ಮೂರ್ತಿ ತಾನೇ ಹಲಗೆಗೆ ಬಡಿದುಕೊಳ್ಳುತ್ತದೆ. ಜೊತೆಗೆ ಹುಲ್ಲು ತೇವ ಹಿಡಿಯುತ್ತದೆ, ಹುಳು ತರುತ್ತದೆ. ಹುಣಸೆಬೀಜದ ಅಂಟಿರುವ ಮರಕ್ಕೆ ಇವೆರಡೂ ಶತ್ರುಗಳು.

ಹಾಗೆಂದು ಬಬಲ್ ಶೀಟನ್ನು ನೇರವಾಗಿ ಬಣ್ಣದ ಮೇಲೆ ಸುತ್ತಬೇಡಿ. ಈ ಕೆಲಸಕ್ಕೆ ಬಂದ ಮೂರನೆಯ ವರ್ಷ, ಮೇ ತಿಂಗಳಲ್ಲಿ, ಒಂದು ಲಕ್ಷ್ಮಿಯ ಮೂರ್ತಿಯನ್ನು ನಾನೇ ಹಾಗೆ ಸುತ್ತಿ ನಾಗಪುರಕ್ಕೆ ಕಳುಹಿಸಿದೆ. ಒಂದು ಬೆರಳೂ ಮುರಿದಿರಲಿಲ್ಲ. ಆದರೆ ತಗಡಿನ ಮೈಯ ಲಾರಿಯೊಳಗಿನ ಕಾವಿಗೆ ಪ್ಲಾಸ್ಟಿಕ್ಕು ಬಣ್ಣಕ್ಕೆ ಹತ್ತಿಕೊಂಡು, ಬಿಚ್ಚಿದಾಗ ದೇವಿಯ ಕೆನ್ನೆ, ಹಣೆಗಳ ಮೇಲೆಲ್ಲ ಸಿಡುಬಿನ ಕಲೆಯಂತೆ ಗುಂಡಗಿನ ಅಚ್ಚು. ಆ ಮನೆಯ ಹಿರಿಯರು ಫೋನಿನಲ್ಲಿ ಬೈಯಲಿಲ್ಲ, ಸುಮ್ಮನೆ ಅತ್ತರು. ಅಂದಿನಿಂದ ನಮ್ಮಲ್ಲಿ ಬಣ್ಣದ ಮೈಗೆ ಮೊದಲು ತಾಗುವುದು ಒಗೆದು ಒಗೆದು ಮೆತ್ತಗಾದ ಬಿಳಿ ಹತ್ತಿ ಪಂಚೆ ಮಾತ್ರ. ಬಣ್ಣದ ಸೀರೆಯೂ ಬೇಡ, ಬಣ್ಣ ಬಿಟ್ಟೀತು. ಮುದ್ರಿಸಿದ ಪತ್ರಿಕೆಯೂ ಬೇಡ, ಮಸಿ ಹತ್ತೀತು. ಪಂಚೆಯ ಮೇಲೆ ಬಬಲ್ ಶೀಟನ್ನು ಗುಳ್ಳೆ ಹೊರಮುಖವಾಗಿರುವಂತೆ ಸುತ್ತಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಮಾತ್ರ ಕಳುಹಿಸಲೇಬೇಡಿ, ಮಳೆಗಾಲದಲ್ಲೂ ಬೇಡ. ದೀಪಾವಳಿ ಕಳೆಯಲಿ. ಮಗಳು ಅಷ್ಟು ದಿನ ಕಾಯುತ್ತಾಳೆ.

ಕ್ರೇಟಿನ ಮಾತು. ಹೊಸ ಮರ ಬೇಕಿಲ್ಲ. ಕಾರ್ಖಾನೆಗಳಿಂದ ಬರುವ ಹಳೆಯ ಪ್ಯಾಲೆಟ್ಟಿನ ಪಟ್ಟಿಗಳು ಸಾಕು, ಹುಳು ತಿಂದಿರಬಾರದು ಅಷ್ಟೇ. ಬಡಗಿಗೆ ಎರಡು ಮಾತು ಮೊದಲೇ ಹೇಳಿ. ಒಂದು, ಮೂರ್ತಿ ಒಳಗೆ ಕುಳಿತ ಮೇಲೆ ಸುತ್ತಿಗೆ ಎತ್ತಬಾರದು. ಮುಚ್ಚುವ ಹಲಗೆಗಳಿಗೆಲ್ಲ ಸ್ಕ್ರೂ. ಮೊಳೆ ಹೊಡೆಯುವ ಪ್ರತಿ ಏಟೂ ಆ ಸಂದುಗಳಿಗೇ ಹೋಗುತ್ತದೆ. ಊರು ಬಿಡುವ ಮೊದಲೇ ಬಡಗಿಯ ಕೈಯಲ್ಲಿ ಬಿರುಕು ಬಿಟ್ಟ ಮೂರ್ತಿಗಳನ್ನು ನೋಡಿದ್ದೇನೆ. ಎರಡು, ತಳಕ್ಕೆ ಎರಡು ರೀಪು, ಅಂದರೆ ಮರದ ಪಟ್ಟಿ, ಹೊಡೆದು ನೆಲದಿಂದ ಮೂರು ಬೆರಳು ಎತ್ತರಿಸಬೇಕು, ಎರಡು ಪಕ್ಕಕ್ಕೂ ಹಗ್ಗದ ಹಿಡಿಕೆ ಬಿಡಬೇಕು. ಕೈ ಹಾಕಲು ಜಾಗವಿಲ್ಲದ ಪೆಟ್ಟಿಗೆಯನ್ನು ಹಮಾಲರು ಬೇರೆ ದಾರಿಯಿಲ್ಲದೆ ಓರೆ ಮಾಡಿ ಉರುಳಿಸುತ್ತಾರೆ. ಅವರನ್ನು ಬೈದು ಫಲವೇನು? ಹಿಡಿಕೆ ಕೊಡದವರು ನೀವು.

ಒಳಗೆ ಮೂರ್ತಿಯನ್ನು ಹಿಡಿದು ನಿಲ್ಲಿಸಬೇಕಾದದ್ದು ಅದರ ಗಟ್ಟಿ ಜಾಗಗಳಲ್ಲಿ: ಪೀಠ, ತೊಡೆ, ಸೊಂಟ, ಎದೆ. ಅಲ್ಲಿ ಮೂರು ಅಂಗುಲದ ಗಟ್ಟಿ ಫೋಮು ಒತ್ತಿ ಕೂರಬೇಕು. ಗರುಡನ ಚೂಪು ಮೂಗು, ಮುಗಿದ ಕೈಗಳ ಬೆರಳ ತುದಿ, ರೆಕ್ಕೆಯ ಅಂಚು, ಇವುಗಳ ಸುತ್ತ ಏನೂ ತಾಗಬಾರದು, ಬರೀ ಗಾಳಿ ಇರಬೇಕು. ಜನ ಇದನ್ನು ತಿರುವುಮುರುವು ಮಾಡುತ್ತಾರೆ. ನಾಜೂಕು ಎಂದು ಮೂಗಿಗೇ ಬಟ್ಟೆ ತುರುಕುತ್ತಾರೆ, ಆ ಬಟ್ಟೆಯ ಒತ್ತಡಕ್ಕೇ ಮೂಗು ಹೋಗುತ್ತದೆ. ಎಲ್ಲ ಮುಗಿದ ಮೇಲೆ ಇಬ್ಬರು ಸೇರಿ ಕ್ರೇಟಿನ ಒಂದು ಮೂಲೆಯನ್ನು ಎರಡು ಬೆರಳು ಎತ್ತಿ ಮೆಲ್ಲಗೆ ಬಿಡಿ. ಕಿವಿಗೊಟ್ಟು ಕೇಳಿ. ಒಳಗಿನಿಂದ "ಟಕ್" ಎಂದರೆ ಬಿಚ್ಚಿ ಮತ್ತೆ ಕಟ್ಟಬೇಕು. ಆ ಸದ್ದನ್ನು ಕೇಳಿಯೂ "ಇರಲಿ ಬಿಡಿ" ಎಂದವರ ಸಾಮಾನು ಚೂರಾಗಿ ತಲುಪಿದ್ದನ್ನು ಕಂಡಿದ್ದೇನೆ.

ಇನ್ನು ದಾರಿ. ಅಕ್ಕಿ ಲಾರಿ ದೆಹಲಿಯವರೆಗೂ ಹೋಗುತ್ತದೆಯೇ, ನಡುವೆ ಬೇರೆ ಗಾಡಿಗೆ ಬದಲಾಯಿಸುತ್ತಾರೆಯೇ ಕೇಳಿ. ನೇರ ಹೋದರೂ ನಾನು ಒಪ್ಪುವುದಿಲ್ಲ. ಮೂಟೆ ಇಳಿಸುವ ಕಡೆ ಕೈಯಲ್ಲಿ ಕೊಕ್ಕೆ ಇರುತ್ತದೆ. ಮೂಟೆಗೆ ಹಾಕುವ ಕೊಕ್ಕೆ ನಿಮ್ಮ ಕ್ರೇಟಿಗೂ ಬೀಳುತ್ತದೆ. ರೈಲಿನ ಬಗ್ಗೆಯೂ ಯೋಚಿಸಿರಬಹುದು. ರಾಯಚೂರಿನಿಂದ ನವದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ನೇರವಾಗಿ ಹೋಗುತ್ತದೆ, ಪಾರ್ಸಲ್ ದರವೂ ಕಡಿಮೆ. ಆದರೆ ರಾಯಚೂರಿನಂಥ ನಡುದಾರಿಯ ನಿಲ್ದಾಣದಲ್ಲಿ ರೈಲು ನಿಲ್ಲುವ ಕೆಲವೇ ನಿಮಿಷಗಳಲ್ಲಿ ಕ್ರೇಟನ್ನು ಮೆಲ್ಲಗೆ ಏರಿಸಲು ಯಾರಿಗೂ ಆಗುವುದಿಲ್ಲ. ಪುಸ್ತಕದ ಪೆಟ್ಟಿಗೆಯಾದರೆ ಧಾರಾಳವಾಗಿ ಕಳುಹಿಸಿ. ಗರುಡನನ್ನು ಬೇಡ. ಮೇಲಾಗಿ ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ ಪಾರ್ಸಲ್ಲಿಗೆ ರೈಲ್ವೆಯ ಹೊಣೆ ಕೆ.ಜಿ.ಗೆ 50 ರೂಪಾಯಿ ಮಾತ್ರ. ಕ್ರೇಟು ಸೇರಿ 60 ಕೆ.ಜಿ. ಆದರೆ 3,000 ರೂಪಾಯಿ. ನಿಮ್ಮ ಅಜ್ಜನ ಗರುಡನ ಬೆಲೆ ಅಷ್ಟೇನೇ?

ನಾನು ಹೇಳುವುದು ಇದು. ಒಂದು ಚಿಕ್ಕ ಗಾಡಿ ಬಾಡಿಗೆಗೆ ಹಿಡಿದು ಕ್ರೇಟನ್ನು ನೀವೇ ಹುಬ್ಬಳ್ಳಿಗೆ ಒಯ್ಯಿರಿ. ಗದಗಿನ ಮೇಲಿನ ಹೆದ್ದಾರಿ ಚೆನ್ನಾಗಿದೆ. ಅಲ್ಲಿನ ಟ್ರಾನ್ಸ್‌ಪೋರ್ಟ್ ಕಚೇರಿಗಳಲ್ಲಿ ದೆಹಲಿಗೆ ನೇರ ಲಾರಿ ಯಾವ ದಿನ ತುಂಬುತ್ತದೆ ಎಂದು ಕೇಳಿ, ಆ ದಿನಕ್ಕೆ ಸರಿಯಾಗಿ ಹೋಗಿ, ಪಾರ್ಟ್ ಲೋಡ್, ಅಂದರೆ ಲಾರಿಯ ಒಂದು ಭಾಗದ ಜಾಗ ಮಾತ್ರ, ಬುಕ್ ಮಾಡಿ. ಮನೆಗೆ ತಲುಪಿಸುವ ಕರಾರು ಬೇಡ, ಗೋಡೌನ್ ಡೆಲಿವರಿ ಸಾಕು. ದೆಹಲಿಯ ಗೋಡೌನಿನಿಂದ ಮಗಳು ಗಾಡಿ ಮಾಡಿಕೊಂಡು ತಾನೇ ಮುಂದೆ ನಿಂತು ಒಯ್ಯಲಿ. ಕೊಪ್ಪಳದ ಏಜೆಂಟನಿಗೆ ಕೊಟ್ಟರೆ ಕಡಿಮೆಯೆಂದರೂ ಎಂಟು ಸಲ ಇಳಿದು ಏರುವ ಕ್ರೇಟು ಹೀಗೆ ಮಾಡಿದರೆ ಅದರ ಅರ್ಧದಷ್ಟು ಸಲ ಮಾತ್ರ ನೆಲ ಮುಟ್ಟುತ್ತದೆ. ಮನೆಬಾಗಿಲಿನಿಂದ ಮನೆಬಾಗಿಲಿಗೆ ಹೇಳುವ ದರಕ್ಕಿಂತ ಒಟ್ಟು ಖರ್ಚು ಕಡಿಮೆಯಾಗುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಏರಿಸುವ ಹಮಾಲರಿಗೆ ಹಮಾಲಿಯ ಮೇಲೆ ಚಹಾಕ್ಕೆ ಕೊಟ್ಟು, ಒಳಗೆ ಏನಿದೆ ಎಂದು ಬಾಯಿಬಿಟ್ಟು ಹೇಳಿ. ದೇವರ ವಾಹನ ಎಂದು ತಿಳಿದ ಮೇಲೆ ಅವರ ಕೈಯೇ ಬೇರೆಯಾಗುತ್ತದೆ.

ರಸೀದಿಯಲ್ಲಿ ನಿಜವಾದ ಬೆಲೆ ಬರೆಸಿ. ರಸ್ತೆ ಸಾಗಣೆಯ ನಿಯಮದಂತೆ ಟ್ರಾನ್ಸ್‌ಪೋರ್ಟಿನವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ನೀವು ಘೋಷಿಸಿದ ಬೆಲೆಯನ್ನು ಮೀರುವುದಿಲ್ಲ. "ಹಳೆ ಸಾಮಾನು, 500 ರೂಪಾಯಿ ಎಂದು ಬರೆಯಿರಿ, ತೊಂದರೆ ಇರುವುದಿಲ್ಲ" ಎನ್ನುವವರ ಮಾತು ಕೇಳಬೇಡಿ. ತೊಂದರೆ ಇರುವುದಿಲ್ಲ ನಿಜ, ಅವರಿಗೆ. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ಲಿನ, ಅಂದರೆ ಸರಕು ಸಾಗಣೆಯ ಜಿಎಸ್‌ಟಿ ಕಾಗದದ, ಅಗತ್ಯವೇ ಇಲ್ಲ, ಆ ಹೆಸರಿನಲ್ಲಿ ಹೆದರಿಸಿದರೆ ಹೆದರಬೇಡಿ. ಕಟ್ಟುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಮಗಳು ಗೋಡೌನಿನಲ್ಲೇ ಮೇಲಿನ ಹಲಗೆ ಬಿಚ್ಚಿ ನೋಡಿ, ಪೆಟ್ಟಾಗಿದ್ದರೆ ಡೆಲಿವರಿ ಕಾಗದದ ಮೇಲೆ ಬರೆದು ಆಮೇಲೆ ಸಹಿ ಹಾಕಲಿ. ಕೋರ್ಟಿಗೆ ಹೋಗುವ ಪ್ರಮೇಯ ಬಂದರೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಲೇಬೇಕು. ಆರು ತಿಂಗಳು ಫೋನಿನಲ್ಲಿ ಮಾತಾಡುತ್ತಾ ಕಳೆದು ಆಮೇಲೆ ನನಗೆ ಪತ್ರ ಬರೆದರೆ ನಾನು ಏನೂ ಮಾಡಲಾರೆ.

ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕ ಪ್ಯಾಕರ್ಸ್‌ನವರು ಎಲ್ಲರಿಗಿಂತ ಅರ್ಧ ದರ ಹೇಳಿದ್ದಾರೆ. ಮುಂಗಡ ಕಳುಹಿಸಲೇ? – ಓದುಗರು, ಬಳ್ಳಾರಿ

ಬೇಡ, ಬೇಡ, ಬೇಡ. ಹೆಸರಾಂತ ಸಂಸ್ಥೆಯ ಹೆಸರಿಗೆ ಒಂದಕ್ಷರ ಸೇರಿಸಿ ಬೋರ್ಡು ಹಾಕಿಕೊಂಡವರು ಇವರು. ಸಾಮಾನು ಲಾರಿ ಏರಿದ ಮೇಲೆ ನಡುದಾರಿಯಿಂದ ಫೋನು ಬರುತ್ತದೆ: ತೂಕ ಹೆಚ್ಚಾಯಿತು, ತೆರಿಗೆ ಕಟ್ಟಬೇಕು, ಇನ್ನಷ್ಟು ಹಾಕಿದರೆ ಮಾತ್ರ ಇಳಿಸುತ್ತೇವೆ. ನಿಮ್ಮ ಸಾಮಾನು ಅವರ ಕೈಯಲ್ಲಿ, ನಿಮ್ಮ ಕೈಯಲ್ಲಿ ಬರೀ ಒಂದು ನಂಬರು. ಮಗನ ಮದುವೆಯ ಮಂಚವನ್ನು ಹೀಗೆ ಒತ್ತೆ ಇಟ್ಟಂತೆ ಬಿಡಿಸಿಕೊಂಡ ಕುಟುಂಬ ನಮ್ಮ ಬೀದಿಯಲ್ಲೇ ಇದೆ. ಕಚೇರಿಗೆ ಹೋಗಿ ಕುಳಿತು, ಗೋಡೌನು ನೋಡಿ, ಎಲ್ಲ ಶುಲ್ಕವನ್ನೂ ಕಾಗದದ ಮೇಲೆ ಬರೆಸಿಕೊಳ್ಳದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬೆಂಗಳೂರಿಗೆ ತಂಬೂರಿ ಕಳುಹಿಸಬೇಕು. ಸಾರಿಗೆ ಬಸ್ಸಿನ ಕಾರ್ಗೋ ಆಗುತ್ತದೆಯೇ? – ಓದುಗರು, ಸಿಂಧನೂರು

ಆಗುತ್ತದೆ, ರಾಜ್ಯದೊಳಗೆ ಅದು ಅಗ್ಗದ ದಾರಿ. ತಂತಿ ಸಡಿಲಿಸಿ, ಬುರುಡೆಯ ಸುತ್ತ ಗಟ್ಟಿ ಪೆಟ್ಟಿಗೆ ಮಾಡಿಸಿ, ಬಸ್ ಬದಲಾಗದ ನೇರ ಸರ್ವಿಸನ್ನೇ ಆರಿಸಿ. ಬಟ್ಟೆಯ ಚೀಲದಲ್ಲೇ ಒಯ್ಯುವುದಾದರೆ ಪಕ್ಕದ ಸೀಟಿಗೂ ಟಿಕೆಟ್ ತೆಗೆದು ಜೊತೆಯಲ್ಲೇ ಕೂರಿಸಿಕೊಂಡು ಹೋಗಿ.

ಆರಡಿ ಕನ್ನಡಿಗೆ ಅಡ್ಡಡ್ಡ ಟೇಪು ಅಂಟಿಸಿದರೆ ಒಡೆಯುವುದಿಲ್ಲ ಎನ್ನುತ್ತಾರೆ, ನಿಜವೇ? – ಓದುಗರು, ರಾಯಚೂರು

ಸುಳ್ಳು. ಟೇಪು ಒಡೆದ ಚೂರುಗಳನ್ನು ಚೆಲ್ಲದಂತೆ ಹಿಡಿಯುತ್ತದೆ, ಒಡೆಯುವುದನ್ನು ತಡೆಯುವುದಿಲ್ಲ. ಬಿಚ್ಚುವವರ ಕೈ ಉಳಿಯಲಿ ಎಂದು ಅಂಟಿಸಿ, ಅಷ್ಟೇ. ಕನ್ನಡಿಯನ್ನು ಮಲಗಿಸದೆ ಉದ್ದದ ಅಂಚಿನ ಮೇಲೆ ನಿಲ್ಲಿಸಿ, ಎರಡು ಪ್ಲೈವುಡ್ ಹಲಗೆಗಳ ನಡುವೆ ಫೋಮಿಟ್ಟು ಬಿಗಿದು, ಗಾಡಿಯ ಪಕ್ಕದ ಗೋಡೆಗೆ ಒರಗಿಸಿ ಕಟ್ಟಿಸಿ. ಹಗ್ಗದ ಗಂಟು ಹಲಗೆಯ ಅಂಚಿಗೆ ಬರಲಿ, ಗಾಜಿನ ನಡುವಿಗೆ ಬೇಡ.